ಕೆಡಹುವ ಮುನ್ನ ಊರನ್ನು ಕೇಳಿರಿ



ಶಾಲೆಗೋ ಮಸೀದಿಗೋ ಸಭಾಭವನಕ್ಕೋ ಹೊಸ ಕಟ್ಟಡ ಬೇಕೆಂದಾಗ ನಮ್ಮ ಸಮಿತಿಗಳು ಎಷ್ಟೋ ವೇಳೆ ಮೊದಲು ನೋಡುವುದು ದುಬೈಯ ಚಿತ್ರಗಳನ್ನು. ಅಲ್ಲಿ ಮಳೆಯೇ ಅಪರೂಪ. ನಮ್ಮಲ್ಲಿ ಜೂನ್ ಬಂತೆಂದರೆ ಮಟ್ಟಸ ತಾರಸಿ ಸೋರತೊಡಗುತ್ತದೆ. ಅದರ ಮೇಲೆ ತಗಡಿನ ಚಪ್ಪರ ಹಾಕಿಸುತ್ತೇವೆ. ಅದಕ್ಕೂ ಚಂದಾ ಎತ್ತುತ್ತೇವೆ!

ಹಿಂದಿನವರು ಈ ಮಳೆಯನ್ನು ಬಲ್ಲವರಾಗಿದ್ದರು. ಭಟ್ಕಳದಲ್ಲಿ 16ನೆಯ ಶತಮಾನದ ಖೇತಪೈ ನಾರಾಯಣ ದೇವಾಲಯವನ್ನು ನೋಡಿರಿ. ಕಲ್ಲಿನ ಕಟ್ಟಡವಾದರೂ ಹಾಸುಗಲ್ಲುಗಳ ಮಾಡು ಇಳಿಜಾರಾಗಿದೆ. ನವಾಯತರ ಹಳೆಯ ಮನೆಗಳ ಹಂಚಿನ ಮಾಡೂ ಹಾಗೆಯೇ. ಕುಮಟಾ ಬಳಿಯ ಮಿರ್ಜಾನ್ ಕೋಟೆ ಈ ನೆಲದ್ದೇ ಕೆಂಪುಕಲ್ಲಿನದು. ಆರಾಧನೆ ಬೇರೆಯಾಗಿದ್ದರೂ ಕಟ್ಟುವವರೆಲ್ಲರ ತಲೆಯ ಮೇಲೆ ಸುರಿದ ಮಳೆ ಒಂದೇ ಆಗಿತ್ತು.

ಆದರೆ ಊರಿನ ನೆನಪೆಂದರೆ ಕಲ್ಲು, ಹಂಚುಗಳಷ್ಟೇ ಅಲ್ಲ. 14ನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದಿದ್ದ ಪ್ರವಾಸಿ ಇಬ್ನ್ ಬತೂತಾ, ಅಲ್ಲಿ ಹೆಣ್ಣುಮಕ್ಕಳ 13 ಹಾಗೂ ಗಂಡುಮಕ್ಕಳ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಅಲ್ಲಿಯ ಸ್ತ್ರೀಯರಿಗೆ ಕುರ್‌ಆನ್ ಕಂಠಪಾಠವಿತ್ತೆಂದೂ ದಾಖಲಿಸಿದ್ದಾನೆ. ಇಂತಹ ಚರಿತ್ರೆಯುಳ್ಳ ಕರಾವಳಿಯಲ್ಲಿ ನಾವು ಕಟ್ಟುವ ಭವನಗಳಲ್ಲಿ ಮಹಿಳೆಯರಿಗೆ ಹಿಂಬದಿಯ ಕಿರುಕೋಣೆ, ಗ್ರಂಥಾಲಯಕ್ಕೆ ಮೆಟ್ಟಿಲಡಿಯ ಜಾಗ ಏಕೆ?

ಹಳೆಯದೆಲ್ಲವೂ ಉಳಿಯಲಿ ಎಂದು ನಾವು ಹೇಳುತ್ತಿಲ್ಲ. ಜೀರ್ಣಗೊಂಡ ಗೋಡೆ ಬೀಳಲೇಬೇಕು. ಆದರೆ ನಿರ್ಣಯಕ್ಕೆ ಸಹಿ ಬೀಳುವ ಮುನ್ನ ಜಮಾಅತಿನ ಹಿರಿಯರನ್ನೂ ಮಹಿಳೆಯರನ್ನೂ ಕರೆದು ನಕ್ಷೆಯನ್ನು ಅವರ ಮುಂದಿಡಿರಿ. ಹಳೆಯ ಮರದ ಕಂಬ, ಬಾಗಿಲುಗಳನ್ನು ಗುಜರಿಗೆ ಹಾಕುವ ಮೊದಲು, ಹೊಸ ಕಟ್ಟಡದಲ್ಲಿ ಅವು ಎಲ್ಲಿ ನಿಲ್ಲಬಹುದೆಂದು ಮೇಸ್ತ್ರಿಯನ್ನು ಕೇಳಿರಿ.