ಅತಿಥಿಯ ಊಟ, ಮನೆಯ ಊಟ
(ಪಾಲಿಬೆಟ್ಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹೊರದೇಶಗಳಲ್ಲಿ ನೆಲೆಸಿರುವ ಮಕ್ಕಳನ್ನು ನೋಡಲು ಹೋದ ಕೊಡಗಿನ ಹಿರಿಯರಿಗೆ ಅಲ್ಲಿನ ಜಪಾನೀ ಹೋಟೆಲಿನ ತೆಪ್ಪನ್‌ಯಾಕಿ ಊಟ ಸೋಜಿಗವೆನಿಸಿದರೆ ಆಶ್ಚರ್ಯವಿಲ್ಲ. ‘ತೆಪ್ಪನ್’ ಎಂದರೆ ಕಬ್ಬಿಣದ ಹಲಗೆ. ‘ಯಾಕಿ’ ಎಂದರೆ ಸುಟ್ಟದ್ದು, ಹುರಿದದ್ದು. ದೋಸೆ ಕಾವಲಿಯನ್ನೇ ಊಟದ ಮೇಜಿನ ನಡುವೆ ಕೂರಿಸಿದಂತೆ. ಸುತ್ತ ಅತಿಥಿಗಳು, ಎದುರಿಗೆ ಅಡುಗೆಯವನು. ಆತ ಚಾಕು ತಿರುಗಿಸುತ್ತಾನೆ, ಈರುಳ್ಳಿ ಬಿಲ್ಲೆಗಳನ್ನು ಗೋಪುರದಂತೆ ಪೇರಿಸಿ ಅದರೊಳಗಿಂದ ಬೆಂಕಿ ಎಬ್ಬಿಸುತ್ತಾನೆ.

ಇದು ಜಪಾನಿನ ಪುರಾತನ ಪದ್ಧತಿಯೆಂದು ನೋಡಿದವರು ಭಾವಿಸುವುದುಂಟು. ಆದರೆ ಆ ದೇಶದಲ್ಲಿ ಶತಮಾನಗಳ ಕಾಲ ದನದ ಮಾಂಸ ತಿನ್ನುವುದೇ ಅಪರೂಪವಾಗಿತ್ತು. ಚಕ್ರವರ್ತಿ ಮೇಜಿ ಅದನ್ನು ಉಂಡದ್ದು ಬಹಿರಂಗವಾದದ್ದು 1872ರಲ್ಲಿ. ಕಾದ ಹಲಗೆಯ ಮೇಲೆ ಗಿರಾಕಿಯ ಎದುರೇ ಮಾಂಸ ಬೇಯಿಸುವ ಕ್ರಮಕ್ಕೆ ತಾನೇ ಮೊದಲಿಗನೆಂದು ಹೇಳಿಕೊಳ್ಳುವ ಕೋಬೆ ನಗರದ ‘ಮಿಸೊನೊ’ ಹೋಟೆಲು ಆರಂಭವಾದದ್ದು 1945ರಲ್ಲಿ. ಯುದ್ಧ ಮುಗಿದ ಮೇಲೆ ಬಂದ ಅಮೆರಿಕನ್ನರು ಅದನ್ನು ಮೆಚ್ಚಿದರು. 1964ರಲ್ಲಿ ಹಿರೊಆಕಿ ಆಒಕಿ ನ್ಯೂಯಾರ್ಕಿನಲ್ಲಿ ‘ಬೆನಿಹಾನಾ’ ತೆರೆದರು. ಕೈಚಳಕದ ಆಟ ಅಲ್ಲಿ ಊಟದಷ್ಟೇ ಮುಖ್ಯವಾಯಿತು. ಹೀಗೆ ಅತಿಥಿಗಾಗಿ ಒಂದು ಹೊಸ ಅಡುಗೆಯೇ ಬೆಳೆಯಿತು. ಮನೆಯೊಳಗಿನ ಅನ್ನ, ಮೀನು, ಮಿಸೊ ಸಾರಿಗೆ ಅದರಿಂದ ಧಕ್ಕೆಯಾಗಲಿಲ್ಲ.

ಪಾಲಿಬೆಟ್ಟದ ಸ್ಥಿತಿ ಬೇರೆ. ಇಲ್ಲಿಯ ಹಳೆಯ ತೋಟದ ಬಂಗಲೆಗಳು, ಮನೆಗಳು ಪ್ರವಾಸಿಗರಿಗೆ ಬಾಗಿಲು ತೆರೆದಿವೆ. ಬಂದವರು ಬಯಸುವುದು ಪಂದಿ ಕರಿ, ಕಡಂಬುಟ್ಟು. ಇವು ಅತಿಥಿಗೆಂದು ಹುಟ್ಟಿದವಲ್ಲ. ಕೈಲ್ ಪೊಳ್ದ್ ದಿನ ಆಯುಧ ಪೂಜೆಯಾದ ಮೇಲೆ ಕೊಡವರ ಮನೆಮಂದಿ ಕೂಡಿ ಉಣ್ಣುವ ಅಡುಗೆ.

ಪಂದಿ ಕರಿಯ ಜೀವ ಕಾಚಂಪುಳಿ. ಮಲೆನಾಡಿನವರು ಉಪ್ಪಾಗೆ ಎನ್ನುವ ಹುಳಿಹಣ್ಣನ್ನು ಮಳೆಗಾಲದಲ್ಲಿ ಆಯ್ದು, ತೊಟ್ಟಿಕ್ಕುವ ರಸವನ್ನು ಹಿಡಿದು, ಕಪ್ಪಾಗಿ ಮಂದವಾಗುವ ತನಕ ಕುದಿಸಿ ಇಳಿಸಬೇಕು. ವರ್ಷಗಟ್ಟಲೆ ಕೆಡದ ಈ ಹುಳಿಯನ್ನು ಒಂದೆರಡು ಚಮಚ ಹಾಕಿದರೆ ಸಾಕು, ಹುರಿದ ಮೆಣಸು, ಕೊತ್ತಂಬರಿ, ಜೀರಿಗೆಯ ಮಸಾಲೆಗೆ ಬಣ್ಣವೂ ರುಚಿಯೂ ಕೂಡುತ್ತವೆ.

ಅತಿಥಿಗಾಗಿ ಖಾರ ಇಳಿಸಿದರೆ ದೋಷವಿಲ್ಲ. ಮರುದಿನ ಮನೆಗೆಂದು ಏರಿಸಬಹುದು. ಕೆಲಸ ಸುಲಭವಾಗಲೆಂದು ಕಾಚಂಪುಳಿಯ ಜಾಗಕ್ಕೆ ನಿಂಬೆರಸವೋ ವಿನೆಗರೋ ಬಂದರೆ ಅತಿಥಿಗೆ ಗೊತ್ತಾಗದು. ಅದನ್ನೇ ಉಂಡು ಬೆಳೆದರೆ ಮನೆಯ ಮಕ್ಕಳಿಗೂ ಗೊತ್ತಾಗದು. ಜಪಾನೀಯರು ಹೊರಗಿನವರ ಮುಂದಿಟ್ಟದ್ದು ಹೊಸದಾಗಿ ಕಟ್ಟಿದ ಅಡುಗೆ. ಕೊಡಗು ಮುಂದಿಡುತ್ತಿರುವುದು ಹಬ್ಬದ ಅಡುಗೆಯನ್ನೇ. ಆದ್ದರಿಂದ ಪ್ರವಾಸಿಗೆ ಬಡಿಸುವವರು ಮಳೆಗಾಲದಲ್ಲಿ ರಸ ಕುದಿಸುವ ಒಲೆಯ ಬಳಿ ಮಕ್ಕಳನ್ನೂ ಕೂರಿಸಿಕೊಳ್ಳುವುದು ಒಳ್ಳೆಯದು.