ಹಳೇ ಕೋಳಿಗಳ ನಡುವೆ ಹೊಸ ಮರಿ

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಕೃಷಿಕರ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನಮಗೆ ಕೊಟ್ಟ ವಿಷಯ ಕೋಳಿ ಸಾಕಣೆ. ಅದೆಲ್ಲಾ ಹೇಳ್ತಾ ಹೋದರೆ ಊಟದ ಹೊತ್ತು ಮೀರುತ್ತದೆ. ಹಾಗಾಗಿ ಒಂದೇ ಸಂಗತಿ ಹೇಳುತ್ತೇವೆ. ಮನೆಯಲ್ಲಿ ಮೊದಲೇ ಕೋಳಿ ಇದ್ದವರು ಹೊಸ ಮರಿ ತಂದು ಬಿಡುವುದು ಹೇಗೆ?

ಭಟ್ಕಳದಿಂದ ಕುಮಟಾದವರೆಗೆ ನಮ್ಮ ಕಡೆ ಹಿತ್ತಲಿನ ಕೋಳಿ ಹೆಂಗಸರ ಕೈಕಾಸು. ಬೆಂಗಳೂರು ಹೆಬ್ಬಾಳದ ಪಶುವೈದ್ಯ ಕಾಲೇಜಿನವರು 1980ರ ದಶಕದ ಕೊನೆಗೆ ಗಿರಿರಾಜ ತಳಿ ಮಾಡಿದರು, ಆಮೇಲೆ ಸ್ವರ್ಣಧಾರ ಬಂತು. ನಮ್ಮ ಸದಸ್ಯರೊಬ್ಬರು ಸಂಘದ ಸಾಲದಲ್ಲಿ ಒಂದು ತಿಂಗಳ ಮರಿ ತಂದು ಅದೇ ದಿನ ಹಳೇ ಕೋಳಿಗಳ ಜೊತೆ ಬಿಟ್ಟರು. ವಾರದೊಳಗೆ ಅರ್ಧ ಸತ್ತವು, ಕಂತು ಮಾತ್ರ ಉಳಿಯಿತು. "ಗಿರಿರಾಜ ನಮ್ಮ ಹವೆಗೆ ಆಗೂದಿಲ್ಲ" ಎಂದು ಊರೆಲ್ಲಾ ಮಾತು. ನಾವು ಒಪ್ಪುವುದಿಲ್ಲ. ತಪ್ಪು ತಳಿಯದ್ದಲ್ಲ, ಬಿಟ್ಟ ರೀತಿಯದ್ದು.

ನಾಟಿ ಹೇಂಟೆ ತಾನೇ ಮರಿ ಮಾಡಿದಾಗ ಈ ತಾಪತ್ರಯ ಇಲ್ಲ. ಬೇರೆ ಕೋಳಿ ಹತ್ತಿರ ಬಂದರೆ ತಾಯಿ ರೆಕ್ಕೆ ಕೆದರಿ ಹಾರುತ್ತದೆ. ಬಲ್ಬಿನ ಕಾವಿನಲ್ಲಿ ಬೆಳೆದ ಮರಿಗೆ ಯಾರಿದ್ದಾರೆ? ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬೇಕು ಎಂಬ ಮೇಲುಕೆಳಗಿನ ಲೆಕ್ಕ ಇದೆ. ನಾರ್ವೆ ದೇಶದ ಶೆಲ್ಡೆರಪ್-ಎಬ್ಬೆ ಎಂಬವರು ಇದನ್ನು ಗಮನಿಸಿ 1922ರಲ್ಲಿ ಬರೆದರು. ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿತ್ತು, ಬರೆದಿಡಲಿಲ್ಲ ಅಷ್ಟೇ. ಹೊಸಬರು ಬಂದಾಗ ಆ ಲೆಕ್ಕ ಮೊದಲಿಂದ ಶುರು. (ನಮ್ಮ ಸಂಘದ ಚುನಾವಣೆಯಂತೆ ಎಂದರೆ ಅಧ್ಯಕ್ಷರು ಬೇಜಾರು ಮಾಡಿಕೊಳ್ಳಬಾರದು.)

ಕುಕ್ಕುವುದಕ್ಕಿಂತ ದೊಡ್ಡ ಭಯ ರೋಗದ್ದು. ನೋಡಲು ಗಟ್ಟಿಯಾಗಿದ್ದ ಹಳೇ ಕೋಳಿಯ ಮೈಯಲ್ಲೂ ರೋಗ ಇರಬಹುದು, ಹೊಸ ಮರಿಯೂ ತರಬಹುದು. ಆದ್ದರಿಂದ ಮೊದಲು ಮೂರು-ನಾಲ್ಕು ವಾರ ಬೇರೆ ಗೂಡು, ಬೇರೆ ನೀರಿನ ಪಾತ್ರೆ. ಬೆಳಿಗ್ಗೆ ಮೊದಲು ಮರಿಯ ಕೆಲಸ, ಆಮೇಲೆ ದೊಡ್ಡ ಕೋಳಿಯದು. ಹಿಂದುಮುಂದು ಮಾಡಿದರೆ ರೋಗ ನಮ್ಮ ಕಾಲಿಗೇ ಅಂಟಿ ಬರುತ್ತದೆ. ಕೊಕ್ಕರೆ ರೋಗಕ್ಕೆ ಎಂಟು ವಾರದ ಹೊತ್ತಿಗೆ ಆರ್‌.ಟು.ಬಿ. ಲಸಿಕೆ ಹಾಕಿಸಿ, ಎರಡು ವಾರ ತಡೆಯಿರಿ. ಅಷ್ಟೊತ್ತಿಗೆ ಗಿರಿರಾಜ ಮರಿ ನಮ್ಮ ನಾಟಿ ಹೇಂಟೆಯ ಗಾತ್ರಕ್ಕೆ ಹತ್ತಿರ ಬಂದಿರುತ್ತದೆ. ಗಾತ್ರ ಸರಿಸಮ ಆದರೆ ಜಗಳ ಅರ್ಧ ಕಡಿಮೆ.

ಆ ಮೇಲೂ ಒಮ್ಮೆಲೇ ಬಿಡಬೇಡಿ. ನಡುವೆ ಹಳೇ ಮೀನುಬಲೆ ಕಟ್ಟಿ, ಒಂದು ವಾರ ಒಬ್ಬರನ್ನೊಬ್ಬರು ನೋಡಲಿ. ಬಲೆ ಅಡಿಕೆ ದಬ್ಬೆಗೆ ಬಿಗಿಯಾಗಿರಬೇಕು, ಜೋಲು ಬಿಟ್ಟರೆ ಕಾಲು ಸಿಕ್ಕುತ್ತದೆ. ನಂತರ ಸಂಜೆ ಕತ್ತಲಾದ ಮೇಲೆ ಎಲ್ಲಾ ಮರಿಗಳನ್ನೂ ಒಟ್ಟಿಗೇ ಗೂಡಿಗೆ ಸೇರಿಸಿ. ಒಂಟಿ ಮರಿ ಬಿಟ್ಟರೆ ಎಲ್ಲರ ಸಿಟ್ಟೂ ಅದರ ಮೇಲೆ. ಮರುದಿನ ನಸುಕಿಗೇ ಎದ್ದು ಬಾಗಿಲು ತೆಗೆಯಬೇಕು, ಇದನ್ನು ತಪ್ಪಿಸಬೇಡಿ. ಇಕ್ಕಟ್ಟಿನಲ್ಲಿ ಬೆಳಕಾದರೆ ಕುಕ್ಕಾಟ ಶುರು. ಆಹಾರ ಮೂರು ಕಡೆ ಇಡಿ. ಹಿತ್ತಲಲ್ಲಿ ನಾಲ್ಕು ತೆಂಗಿನ ಮಡಲು ಓರೆಯಾಗಿ ನಿಲ್ಲಿಸಿದರೆ ಓಡಿಹೋಗಿ ಅಡಗಲು ಜಾಗ ಆಯಿತು. ಎರಡು-ಮೂರು ದಿನ ಚೂರುಪಾರು ಕುಕ್ಕಿದರೆ ನಡುವೆ ಹೋಗಬೇಡಿ. ರಕ್ತ ಕಂಡರೆ ಮಾತ್ರ ತಕ್ಷಣ ಆ ಮರಿಯನ್ನು ಬೇರೆ ಮಾಡಿ. ಕೆಂಪು ಕಂಡಲ್ಲಿಗೇ ಮತ್ತೆ ಕುಕ್ಕುತ್ತವೆ.

ಮೊಟ್ಟೆಕೋಳಿಗೆ ತಂದ ಆಹಾರವನ್ನು ಮರಿಗೆ ಹಾಕಬೇಡಿ. ಅದರಲ್ಲಿ ಸುಣ್ಣದಂಶ ಹೆಚ್ಚು, ಮರಿಯ ಮೂತ್ರಪಿಂಡ ಕೆಡುತ್ತದೆ. ಒಟ್ಟಿಗೆ ಇದ್ದಾಗ ಎಲ್ಲಕ್ಕೂ ಬೆಳೆಯುವ ಮರಿಯ ಆಹಾರವನ್ನೇ ಹಾಕಿ, ಬಳಚಿನ ಚಿಪ್ಪು ಕುಟ್ಟಿ ಬೇರೆ ಗೆರಟೆಯಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ.

ಇನ್ನು ಕಾಲ. ನಮ್ಮ ಮಳೆಯಲ್ಲಿ ಕೋಳಿಗಳು ಗೂಡಲ್ಲೇ ಒತ್ತಿಕೊಂಡಿರುತ್ತವೆ, ನೆಲ ಒದ್ದೆ, ರಕ್ತಭೇದಿ ಬೇರೆ. ಚೌತಿ ಕಳೆದ ಮೇಲೆ ತಿಂಗಳ ಮರಿ ತಂದರೆ ದೀಪಾವಳಿ ಸುಮಾರಿಗೆ ಬೆರೆಸಲು ಸರಿಯಾಗುತ್ತದೆ. ಕೋಳಿ ಸಾಲದ ಅರ್ಜಿಗಳನ್ನೂ ಆ ಲೆಕ್ಕದಲ್ಲೇ ತೆಗೆದುಕೊಳ್ಳಬೇಕೆಂದು ಆಡಳಿತ ಮಂಡಳಿಯ ಮುಂದೆ ಇಡುತ್ತೇವೆ. ಯಾರದ್ದಾದರೂ ಪ್ರಶ್ನೆ ಇದ್ದರೆ ಊಟದ ಹೊತ್ತಿಗೆ ಕೇಳಿ, ನಾವು ಇಲ್ಲೇ ಇರುತ್ತೇವೆ.