ಮೂತ್ರಕೋಶಕ್ಕೆ ಬಿ.ಸಿ.ಜಿ.: ವಿರಳವಾದೊಂದು ತೊಡಕು



ಒಂದು ಕಾಲಕ್ಕೆ ಕನ್ನಡ ಚಲನಚಿತ್ರಗಳು ತಯಾರಾಗುತ್ತಿದ್ದ ಈ ವಡಪಳನಿಯಿಂದ ಕೆಲವೇ ಮೈಲಿ ದೂರದ ಗಿಂಡಿಯಲ್ಲಿ 1948ರಲ್ಲಿ ಬಿ.ಸಿ.ಜಿ. ಲಸಿಕೆಯ ಪ್ರಯೋಗಾಲಯ ಸ್ಥಾಪಿತವಾಯಿತು. ಮಕ್ಕಳನ್ನು ಕ್ಷಯದಿಂದ ಕಾಪಾಡಲು ತೋಳಿಗೆ ಚುಚ್ಚುವ ಆ ಲಸಿಕೆಯನ್ನು ಎಲ್ಲರೂ ಬಲ್ಲರು. ಅದೇ ಬಿ.ಸಿ.ಜಿ. ಮೂತ್ರಕೋಶದ ಕ್ಯಾನ್ಸರಿಗೂ ಔಷಧವೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

ಫ್ರಾನ್ಸಿನ ವಿಜ್ಞಾನಿಗಳಾದ ಕಾಲ್ಮೆಟ್ ಮತ್ತು ಗೆರಾನ್ ದನಗಳ ಕ್ಷಯಾಣುವನ್ನು 13 ವರ್ಷಗಳಲ್ಲಿ 230 ಬಾರಿ ಮರುಬೆಳೆಸಿ ಅದರ ಉಗ್ರತೆಯನ್ನು ಕುಂದಿಸಿದರು. ಅದನ್ನು ಮೂತ್ರಕೋಶದೊಳಕ್ಕೆ ಹಾಕಿ ಕಂಡ ಫಲವನ್ನು ಕೆನಡದ ಡಾ. ಆಲ್ವಾರೊ ಮೊರಾಲೆಸ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಸ್ನಾಯುವಿನವರೆಗೆ ಇಳಿಯದ ಗಡ್ಡೆಯನ್ನು ಕೆರೆದು ತೆಗೆದ ಮೇಲೆ, ಮೊದಲಿಗೆ ವಾರಕ್ಕೊಮ್ಮೆಯಂತೆ ಆರು ವಾರ ನಳಿಕೆಯ ಮೂಲಕ ಔಷಧವನ್ನು ತುಂಬಲಾಗುತ್ತದೆ. ರೋಗಿಯು ಅದನ್ನು ಸುಮಾರು ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಈ ಜೀವಂತ ರೋಗಾಣುಗಳಿಂದ ಕೆರಳಿದ ದೇಹದ ರೋಧಶಕ್ತಿಯು ಕ್ಯಾನ್ಸರ್ ಕೋಶಗಳ ಮೇಲೂ ಎರಗುತ್ತದೆ.

ಜೀವಂತ ಎಂಬ ಮಾತೇ ಇಲ್ಲಿ ಮುಖ್ಯ. ಉರಿಮೂತ್ರ, ಒಂದೆರಡು ದಿನದ ಸಣ್ಣ ಜ್ವರ ಸಾಮಾನ್ಯ. ಆದರೆ ಅತಿ ವಿರಳವಾಗಿ ರೋಗಾಣುಗಳು ರಕ್ತವನ್ನು ಸೇರಿ, ಹಿಂದೆಂದೋ ಶಸ್ತ್ರಚಿಕಿತ್ಸೆಯಲ್ಲಿ ಜೋಡಿಸಿದ ಕೃತಕ ರಕ್ತನಾಳದಲ್ಲಿ ನೆಲೆಸುವುದುಂಟು. ಆ ನಾಳದ ಗೋಡೆ ನಿರ್ಜೀವ. ಅಲ್ಲಿ ಬೇರೂರಿದ ರೋಗಾಣುವನ್ನು ರೋಧಶಕ್ತಿಯಾಗಲಿ ಮಾತ್ರೆಯಾಗಲಿ ಸುಲಭವಾಗಿ ತಲುಪದು. ಕೃತಕ ನಾಳ ಮತ್ತು ಈ ಕ್ಯಾನ್ಸರ್ ಒಬ್ಬರಲ್ಲೇ ಕೂಡುವುದು ಬರಿಯ ಆಕಸ್ಮಿಕವೂ ಅಲ್ಲ. ಮಹಾಪಧಮನಿಯನ್ನು ಕೆಡಿಸುವ ಬೀಡಿ ಸಿಗರೇಟುಗಳೇ ಮೂತ್ರಕೋಶದ ಕ್ಯಾನ್ಸರಿಗೂ ದೊಡ್ಡ ಕಾರಣ.

ತೊಡಕು ತಲೆದೋರುವುದು ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ: ಬಿಡದ ಜ್ವರ, ಬೆನ್ನು ಅಥವಾ ಹೊಟ್ಟೆಯ ನೋವು, ತೂಕದ ಇಳಿತ. ಆ ವೇಳೆಗೆ ರೋಗಿಯು ಬೇರೊಬ್ಬ ವೈದ್ಯರ ಮುಂದೆ ಕುಳಿತಿರುತ್ತಾನೆ. ಮೂತ್ರಕೋಶದ ಮಾತನ್ನು ಅವನೂ ಎತ್ತುವುದಿಲ್ಲ, ಅವರೂ ಕೇಳುವುದಿಲ್ಲ. ರಕ್ತದ ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲಿ ಈ ರೋಗಾಣು ಕಾಣಸಿಗುವುದು ಅಪರೂಪ. ಕ್ಷಯಾಣುವಿಗೆಂದೇ ಮಾಡುವ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ಅದಕ್ಕೆ ವಾರಗಟ್ಟಲೆ ಕಾಲ ಹಿಡಿಯುತ್ತದೆ. ಕ್ಷಯವೆಂದಷ್ಟೇ ಗೊತ್ತಾದರೂ ಸಾಲದು: ಕ್ಷಯಕ್ಕೆ ಕೊಡುವ ಪೈರಜಿನಮೈಡ್ ಮಾತ್ರೆಗೆ ಬಿ.ಸಿ.ಜಿ. ರೋಗಾಣು ಜಗ್ಗುವುದಿಲ್ಲ. ಐಸೋನಿಯಾಜಿಡ್, ರಿಫಾಂಪಿಸಿನ್, ಎಥಾಂಬ್ಯುಟಾಲ್ ಔಷಧಗಳನ್ನು ಹಲವು ತಿಂಗಳು ನೀಡಬೇಕು. ದೇಹಸ್ಥಿತಿ ಅನುಕೂಲವಾಗಿದ್ದರೆ ಸೋಂಕಿದ ನಾಳವನ್ನು ತೆಗೆದು ಬೇರೊಂದನ್ನು ಜೋಡಿಸಬೇಕಾಗುತ್ತದೆ.

ಇಷ್ಟನ್ನು ಕೇಳಿ ಬಿ.ಸಿ.ಜಿ.ಯನ್ನೇ ನಿರಾಕರಿಸುವುದು ತರವಲ್ಲ. ಗಡ್ಡೆ ಮರುಕಳಿಸದಂತೆ ತಡೆಯುವಲ್ಲಿ ಅದರ ಉಪಕಾರ ದೊಡ್ಡದು. ಹೊಟ್ಟೆಯಲ್ಲೋ ತೊಡೆಯಲ್ಲೋ ಕೃತಕ ನಾಳವಿರುವವರು ಮೊದಲ ದಿನವೇ ಅದನ್ನು ತಿಳಿಸಬೇಕು. ನಳಿಕೆ ಹಾಕುವಾಗ ರಕ್ತ ಬಂದರೆ ಅಂದಿನ ಔಷಧವನ್ನು ಮುಂದೂಡುವುದು ಪದ್ಧತಿ. ಚಿಕಿತ್ಸೆಯ ಚೀಟಿಯನ್ನು ಹಳೆಯದೆಂದು ಎಸೆಯದೆ, ಮುಂದೆ ಯಾವ ಜ್ವರಕ್ಕೆ ಯಾವ ಆಸ್ಪತ್ರೆಗೆ ಹೋದರೂ ತೋರಿಸಬೇಕು.